ಗುಣಿ ಯಾರ ಕಾಲಿಗೆ?

ಬೆಳ್ಳಿಯಮ್ಮ: ನಾನು ಕೇಳಿದ್ದು ಬಿಸ್ಕತ್ತು ಸುಡೋಕೆ ಒಂದು ಒಲೆ. ಏನುಂಗ, ಇದಕ್ಕೆ ಒಲೆ ಅಂತಾರಾ? ಆನೆ ಹಿಡಿಯೋರು ತೋಡೋದು ಇಂಥದ್ದು!

ಕಾಳಿಯಪ್ಪನ್: ಒಲೆ ಅಂತ ನಾನೆಲ್ಲಿ ಅಂದೆ? ಮಗ್ಗದ ಗುಣಿ ಇದು. ಕೊಂಚ ಆಚೆ ನಿಂತ್ಕೊ, ಮಣ್ಣು ಬೀಳ್ತದೆ.

ಬೆಳ್ಳಿಯಮ್ಮ: ಮಗ್ಗದ ಗುಣಿ ಆಗಲೇ ಒಂದು ಅದೆಯಲ್ಲ! ಇನ್ನೊಂದು ಯಾಕೆ? ಬಲಗಾಲು ಆ ಮಗ್ಗಕ್ಕೆ, ಎಡಗಾಲು ಈ ಮಗ್ಗಕ್ಕೆ ಇಳಿಬಿಟ್ಟು ನೇಯ್ತೀರಾ?

ಗಂಡ ಕಾಳಿಯಪ್ಪನ್ ಗುಣಿಯೊಳಗೆ ಬಗ್ಗಿ ಇನ್ನೊಂದು ಬುಟ್ಟಿ ಮಣ್ಣು ಮೇಲೆ ಹಾಕಿದ.

ದೀಪಾವಳಿಗೆ ಉಳಿದಿದ್ದು ಒಂದೇ ದಿನ. ಧಾರಾಪುರದ ನೇಕಾರರ ಬೀದಿಯಲ್ಲಿ ಪ್ರತಿ ಮನೆಯಲ್ಲೂ ಬಾಣಲೆ ಚೊಯ್ ಅನ್ನುತ್ತಿತ್ತು. ಈ ಮನೆಯಲ್ಲಿ ಮಾತ್ರ ಗುದ್ದಲಿ ಧಡ್ ಧಡ್ ಅನ್ನುತ್ತಿತ್ತು. ಹಬ್ಬಕ್ಕೆ ಮನೆ ಕೊಂಚ ಸರಿ ಮಾಡ್ತೀನಿ ಎಂದು ಹದಿನೈದು ದಿನದ ಹಿಂದೆ ಹೊರಟ ಮಹಾರಾಯ ಯಾವ ಕೆಲಸವನ್ನೂ ಶುರುಮಾಡದೆ ಬಿಟ್ಟಿರಲಿಲ್ಲ, ಯಾವುದನ್ನೂ ಮುಗಿಸಿರಲೂ ಇಲ್ಲ. ಮೂರು ಗೋಡೆಗೆ ಸುಣ್ಣವಾಗಿತ್ತು, ನಾಲ್ಕನೆಯದು ಹೊಗೆ ಕುಡಿದುಕೊಂಡು ಹಾಗೇ ನಿಂತಿತ್ತು. ಅಡಿಗೆ ಕೋಣೆಯ ಬಾಗಿಲನ್ನು ಕೀಲು ಬದಲಿಸಲೆಂದು ಕಿತ್ತು ಹಿತ್ತಲ ಗೋಡೆಗೆ ಒರಗಿಸಿದ್ದ. ಗೆದ್ದಲು ಹಿಡಿದಿದೆ ಎಂದು ಅಟ್ಟ ಕೆಡವಿದ್ದ. ನಾಯಿ ಕಟ್ಟುವ ಹಗ್ಗ ಸುಣ್ಣದ ಏಣಿಯ ಮುರಿದ ಮೆಟ್ಟಿಲಿಗೆ ಸುತ್ತಿಕೊಂಡಿತ್ತು. ಈಗ ನಡುಮನೆಯಲ್ಲಿ, ಹಳೇ ಮಗ್ಗದ ಪಕ್ಕದಲ್ಲೇ, ಈ ಹಳ್ಳ.

ಬೆಳ್ಳಿಯಮ್ಮ: ನಿಮ್ಮ ತಂಗಿ ಮಲ್ಲಿಗಾ ಇನ್ನು ಎರಡು ಗಳಿಗೆಗೆ ಬಸ್ಸಿಳೀತಾಳೆ. ಹೋದ ದೀಪಾವಳೀಲಿ ಏನಂದ್ಳು ನೆನಪದೆಯಾ?

ಕಾಳಿಯಪ್ಪನ್: ಏನೋ ಅಂದ್ಳು. ಅವಳು ದಿನಾ ಏನೋ ಅಂತಾಳೆ.

ಬೆಳ್ಳಿಯಮ್ಮ: ಕೋಯಮತ್ತೂರು ಬಿಸ್ಕತ್ತಿನ ಡಬ್ಬ ನನ್ನ ಕೈಗಿಟ್ಟು, ‘ಅತ್ತಿಗೆ, ನಿಮ್ಮ ಮುರುಕು ಕಡಿಯೋಕೆ ಹಲ್ಲು ಬೇಕು, ಇದಕ್ಕೆ ನಾಲಿಗೆ ಸಾಕು’ ಅಂದ್ಳು. ಬೀದಿಯವರೆಲ್ಲ ಕೇಳಿಸ್ಕೊಂಡ್ರು. ಬರೋ ವರ್ಷ ನನ್ನ ಕೈಯಾರೆ ಸುಟ್ಟು ಕೊಡ್ತೀನಿ, ಅಂಗಡಿ ಡಬ್ಬ ಈ ಹೊಸಿಲು ದಾಟಿ ಬರಬಾರದು ಅಂತ ನಾನೂ ಎಲ್ಲರ ಎದುರಿಗೇ ಅಂದೆ. ನೀವು ತಲೆ ಆಡಿಸಿದ್ರಿ.

ಕಾಳಿಯಪ್ಪನ್: ಆಗ ನನ್ನ ಬಾಯ್ತುಂಬ ಬಿಸ್ಕತ್ತಿತ್ತು. ತಲೆ ಆಡಿಸದೆ ಇನ್ನೇನು ಮಾಡಲಿ?

ಬೆಳ್ಳಿಯಮ್ಮ: ಹಿಟ್ಟು ಕಲಸಿ ಆಯ್ತು. ಮೈದಾ, ತುಪ್ಪ, ಸಕ್ಕರೆ, ಚಿಟಿಕೆ ಸೋಡಾ. ಪಕ್ಕದ್ಮನೆ ರಾಮಾಯಿಯಕ್ಕ ಪೊಳ್ಳಾಚಿಯ ಬಂಗಲೆ ಅಡಿಗೆಯವನನ್ನ ಕೇಳ್ಕೊಂಡು ಬಂದು ಹೇಳಿಕೊಟ್ಟಿದ್ದು. ಕೆಳಗೂ ಕೆಂಡ ಬೇಕು, ಮೇಲೂ ಕೆಂಡ ಬೇಕು, ಗಾಳಿ ಆಡಬಾರದು. ಬಾಗಿಲಿಲ್ಲದ ಅಡಿಗೆಮನೇಲಿ ಗಾಳಿ ಹೆಂಗೆ ನಿಲ್ಲಿಸಲಿ, ಸೆರಗು ಹಿಡಕೊಂಡು ನಿಂತ್ಕೊಳ್ಳಲಾ?

ಕಾಳಿಯಪ್ಪನ್ ಸೊಂಟಕ್ಕೆ ಸಿಕ್ಕಿಸಿದ್ದ ಒಂದು ನೂಲನ್ನು ತೆಗೆದ. ಅದರ ಒಂದು ಕಡೆ ಗಂಟು. ಗಂಟನ್ನು ಗುಣಿಯ ತಳಕ್ಕೆ ತಾಗಿಸಿ, ನೂಲನ್ನು ಮೇಲಕ್ಕೆಳೆದು, ಅಂಚಿನ ಹತ್ತಿರ ಒಂದು ಕಣ್ಣು ಮುಚ್ಚಿ ನೋಡಿದ.

ಬೆಳ್ಳಿಯಮ್ಮ: ಅದೇನು ನೂಲು?

ಕಾಳಿಯಪ್ಪನ್: ಅಳತೆ.

ಬೆಳ್ಳಿಯಮ್ಮ: ಯಾರ ಅಳತೆ?

ಕಾಳಿಯಪ್ಪನ್: ಕೂರೋರ ಅಳತೆ.

ಬೆಳ್ಳಿಯಮ್ಮ: ಯಾರು ಕೂರೋರು?

ಕಾಳಿಯಪ್ಪನ್: ಮಲ್ಲಿಗಾ ಬರಲಿ. ಅವಳೆದುರಿಗೇ ಹೇಳ್ತೀನಿ. ಅವಳು ಒಪ್ಪದೆ ಈ ಕೆಲಸ ಆಗೋದಿಲ್ಲ.

ಬೆಳ್ಳಿಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಲ್ಲಿಗಾ ಒಪ್ಪಬೇಕೆಂದರೆ ಇನ್ನೇನು? ಅವಳ ಗಂಡ ಮೈಲ್‌ಸಾಮಿ ಕೋಯಮತ್ತೂರಿನ ಮಿಲ್ಲಿನಲ್ಲಿದ್ದ. ಹೋದ ಸಲ ಬಂದಾಗ ‘ಆ ಸದ್ದಿಗೆ ಕಿವಿ ಹೋಯ್ತು, ಮನೆ ಮಗ್ಗವೇ ವಾಸಿ’ ಎಂದು ನಿಟ್ಟುಸಿರು ಬಿಟ್ಟಿದ್ದ. ಅಂದರೆ ಆ ಗಂಡಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ಬರುತ್ತಾರೆ. ಅವನು ಈ ಗುಣಿಯಲ್ಲಿ ಕೂರುತ್ತಾನೆ. ಅವಳು ತನ್ನ ಅಡಿಗೆಮನೆಯಲ್ಲಿ ಡಬ್ಬ ಹಿಡಿದುಕೊಂಡು ನಿಲ್ಲುತ್ತಾಳೆ, ವರ್ಷಪೂರ್ತಿ!

ಅದೂ ಹೋಗಲಿ. ಬೆಳ್ಳಿಯಮ್ಮನ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ, ಅದನ್ನು ಅವಳು ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಈ ಮನೆಯಲ್ಲಿ ಹೆಂಗಸರು ಮಗ್ಗ ಹತ್ತುವ ಹಾಗಿಲ್ಲ. ನೂಲಿಗೆ ಗಂಜಿ ಹಾಕಬಹುದು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಬಹುದು, ಅಷ್ಟೇ. ಸತ್ತುಹೋದ ಅತ್ತೆ ಹಾಕಿದ ಕಟ್ಟು ಅದು. ಇಪ್ಪತ್ತೆರಡು ವರ್ಷ ಕಂಡಿಕೆ ಸುತ್ತಿ ಸುತ್ತಿ ಬೆಳ್ಳಿಯಮ್ಮನ ಬೆರಳೇ ಸವೆದಿತ್ತು. ಆದರೆ ಶನಿವಾರ ಶನಿವಾರ ಗಂಡ ಸೀರೆ ಕೊಡಲು ಪೇಟೆಗೆ ಹೋದಾಗ, ಬಾಗಿಲು ಮುಂದಕ್ಕೆ ಮಾಡಿ, ಅವನ ಗುಣಿಯಲ್ಲಿ ಇಳಿದು, ಒಂದು ಗೇಣು ನೇಯ್ದು, ಏನೂ ಅರಿಯದವಳ ಹಾಗೆ ಎದ್ದು ಬರುತ್ತಿದ್ದಳು. ಅವನ ಗುಣಿ ಅವಳಿಗೆ ಆಳ. ಹಲಗೆ ತುಳಿಯಲು ತುದಿಗಾಲು ಚಾಚಿ ಚಾಚಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎಂದಾದರೂ ಎರಡನೇ ಮಗ್ಗ ಬಂದರೆ ಬಾಯಿ ಬಿಟ್ಟು ಕೇಳಿಯೇ ಬಿಡುತ್ತೇನೆ ಎಂದುಕೊಂಡಿದ್ದಳು. ಈಗ ಎರಡನೇ ಮಗ್ಗ ಬರುತ್ತಿದೆ, ಮೈಲ್‌ಸಾಮಿಗೆ! ಕೇಳಲಾಗದ ಆ ಸಿಟ್ಟಿಗೆ ಬಿಸ್ಕತ್ತು ಒಂದು ನೆಪವಾಗಿ ಸಿಕ್ಕಿತು.

ಬೆಳ್ಳಿಯಮ್ಮ: ಅಳತೆ ಬೇರೆ ಬಂದುಬಿಡ್ತು ಇವರಿಗೆ! ಇಷ್ಟು ಮೇಲುಮೇಲಕ್ಕೆ ತೋಡಿದ್ರೆ ಆ ಪನೆಮರದಂಥ ಉದ್ದನೆ ಮನುಷ್ಯನ ಕಾಲು ಎಲ್ಲಿ ಹಿಡೀತದೆ? ಮಂಡಿ ಮೂಗಿಗೆ ತಾಗ್ತದೆ.

ಕಾಳಿಯಪ್ಪನ್: ಯಾವ ಪನೆಮರ?

ಬೆಳ್ಳಿಯಮ್ಮ: ನನಗೇನೂ ಗೊತ್ತಾಗಲ್ಲ ಅಂದ್ಕೊಂಡ್ರಾ? ಇರಲಿ, ಇರಲಿ.

ಕಾಳಿಯಪ್ಪನ್: ಅಳತೆ ಸರಿಯಾಗೇ ಅದೆ. ಬೆರಳಿನಷ್ಟೂ ಹೆಚ್ಚುಕಮ್ಮಿ ಇಲ್ಲ.

ಅವನು ನೂಲನ್ನು ಜೋಪಾನವಾಗಿ ಸುತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

ಬೆಳ್ಳಿಯಮ್ಮ: ನೂಲು ಅಂದ್ರೆ ನೆನಪಾಯ್ತು. ನಿಮ್ಮ ಕಲೆಕ್ಟರಿಗೆ ಬುದ್ಧಿ ಹೇಳಿ. ಮೊನ್ನೆ ಮಧ್ಯಾಹ್ನ ಕಣ್ಣು ಮುಚ್ಚಿದ್ದೆ, ಎದ್ದು ನೋಡಿದ್ರೆ ಹಿಮ್ಮಡಿಗೆ ನೂಲು ಸುತ್ತಿಕೊಂಡದೆ. ಎಲ್ಲಿಂದಲೋ ಎಳೆದು ತಂದದೆ ಮುಂಡೇದು.

ಕಾಳಿಯಪ್ಪನ್: (ಕೆಮ್ಮಿ) ನಾಯಿಗಳು ಹಂಗೇ. ಹೇಳ್ತೀನಿ, ಹೇಳ್ತೀನಿ.

ಕಲೆಕ್ಟರ್ ಎಂದರೆ ಅವರ ನಾಯಿ. ಬೀದಿಯ ಪ್ರತಿ ಮನೆಗೂ ದಿನಕ್ಕೊಮ್ಮೆ ತನಿಖೆಗೆ ಹೋಗಿ, ಸಿಕ್ಕಿದ್ದನ್ನು ತಿಂದು, ಯಾರಿಗೂ ಏನೂ ಹೇಳದೆ ಬರುತ್ತಿದ್ದುದರಿಂದ ಬೀದಿಯವರೇ ಇಟ್ಟ ಹೆಸರು. ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು ನೂಲನ್ನು ಉದ್ದಕ್ಕೆ ಹಾಸಿ ಅನ್ನದ ಗಂಜಿ ಬಳಿದು ಒಣಗಲು ಬಿಡುತ್ತಾರೆ. ಬೇರೆ ಊರಿನ ನಾಯಿಗೆ ಅದು ನೂಲು, ಕಲೆಕ್ಟರಿಗೆ ಅದು ಊಟ. ಆಡಿ ತಿಂಗಳಲ್ಲಿ ಪಕ್ಕದ ಮನೆಯ ರಾಮಾಯಿಯ ಒಂದು ಸೀರೆ ಉದ್ದದ ಹಾಸನ್ನು ಈ ತುದಿಯಿಂದ ಆ ತುದಿಗೆ ನೆಕ್ಕಿಬಿಟ್ಟಿತು. ಅಂದಿನಿಂದ ಕಾಳಿಯಪ್ಪನ್ ಅದನ್ನು ಪಳಗಿಸಲು ಕೂತ. ಮಗ್ಗದ ಸದ್ದು ಕೇಳಿದರೆ ಎಲ್ಲಿದ್ದರೂ ಓಡಿ ಬಂದು ಗುಣಿಯ ಪಕ್ಕ ಮಲಗಬೇಕು, ಸದ್ದು ನಿಲ್ಲುವವರೆಗೆ ಏಳಬಾರದು, ಎದ್ದ ಮೇಲೆ ಒಂದು ಚೂರು ಮುರುಕು. ಎರಡು ತಿಂಗಳಿಗೆ ಕಲೆಕ್ಟರ್ ಅದನ್ನು ಕಲಿತುಬಿಟ್ಟಿತು. ಇಡೀ ಮನೆಯಲ್ಲಿ ಕಾಳಿಯಪ್ಪನ್ ಪೂರ್ತಿ ಮಾಡಿ ಮುಗಿಸಿದ ಕೆಲಸ ಅದೊಂದೇ.

ಕಾಳಿಯಪ್ಪನ್: ಸೆರಿ, ನಾನು ಬಸ್‌ಸ್ಟ್ಯಾಂಡಿಗೆ ಹೊರಟೆ. ಗುಣಿ ಹತ್ತಿರ ಯಾರೂ ಹೋಗಬಾರದು. ಕೇಳಿಸ್ತಾ?

ಬೆಳ್ಳಿಯಮ್ಮ: ಯಾರು ಹೋಗ್ತಾರೆ ನಿಮ್ಮ ಹಳ್ಳಕ್ಕೆ! ಹೋಗಿ ಬನ್ನಿ.

ಅವನ ಟವೆಲ್ಲು ಬೀದಿಯ ತಿರುವಿನಲ್ಲಿ ಮರೆಯಾಗಿದ್ದೇ ತಡ, ಬೆಳ್ಳಿಯಮ್ಮ ಸೀರೆ ಎತ್ತಿ ಕಟ್ಟಿದಳು. ಆಳ ಇದೆ, ಗಾಳಿ ಆಡುವುದಿಲ್ಲ. ಇದಕ್ಕಿಂತ ಒಳ್ಳೇ ಒಲೆ ಎಲ್ಲಿ ಸಿಗಬೇಕು? ಮೈಲ್‌ಸಾಮಿ ಕಾಲಿಡುವ ಜಾಗಕ್ಕೆ ಮೊದಲು ತನ್ನ ಕೆಂಡ ಬೀಳಲಿ! ಗುಣಿಗೆ ಮೂರು ಇಟ್ಟಿಗೆ ಇಳಿಸಿದಳು, ಕೆಂಡ ಸುರಿದಳು, ಬಿಸ್ಕತ್ತಿನ ತಟ್ಟೆಯನ್ನು ಹಿತ್ತಾಳೆ ಪಾತ್ರೆಯೊಳಗಿಟ್ಟು ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಇಟ್ಟಳು. ಸ್ವಲ್ಪ ಹೊತ್ತಿಗೆ ಎಂಥ ಘಮ! ಮೊದಲ ಸುತ್ತು ಹೊಂಬಣ್ಣಕ್ಕೆ ಬೆಂದು ಬಂತು. ಅದನ್ನು ಮೊರದಲ್ಲಿ ಹರಡಿ, ಎರಡನೇ ಸುತ್ತನ್ನು ಗುಣಿಗೆ ಇಳಿಸಿ ನೆಟ್ಟಗೆ ನಿಲ್ಲುವಷ್ಟರಲ್ಲಿ ಬಾಗಿಲಲ್ಲಿ ಕಲೆಕ್ಟರ್ ಬಂದು ನಿಂತಿತ್ತು.

ಬೆಳ್ಳಿಯಮ್ಮ: ಹಚಾ! ಹೋಗೋ!

ಕಲೆಕ್ಟರ್ ಬಾಲ ಆಡಿಸಿ ಒಂದು ಹೆಜ್ಜೆ ಮುಂದೆ ಬಂತು.

ಮೊರವನ್ನು ಮೇಲಿಡೋಣವೆಂದರೆ ಅಟ್ಟವಿಲ್ಲ. ಅಡಿಗೆಮನೆಯೊಳಗಿಟ್ಟು ಮುಚ್ಚೋಣವೆಂದರೆ ಬಾಗಿಲಿಲ್ಲ. ಕಟ್ಟಿಹಾಕೋಣವೆಂದರೆ ಹಗ್ಗವಿಲ್ಲ. ಗಂಡನ ಹದಿನೈದು ದಿನದ ದುರಸ್ತಿಗಳೆಲ್ಲ ಸೇರಿಕೊಂಡು ನಾಯಿಯ ಪಕ್ಷ ವಹಿಸಿದ್ದವು. ಕಲೆಕ್ಟರ್ ಮೊರದ ಕಡೆ ಮೂಗು ಚಾಚಿತು. ಬೆಳ್ಳಿಯಮ್ಮನಿಗೆ ಹೊಳೆದದ್ದು ಒಂದೇ ದಾರಿ. ಮೊರ ಎತ್ತಿಕೊಂಡು ಓಡಿ, ಅದನ್ನು ಪಕ್ಕದಲ್ಲಿಟ್ಟು, ಹಳೇ ಮಗ್ಗದ ಗುಣಿಗೆ ಇಳಿದು ಹಲಗೆ ತುಳಿದಳು. ಟಕ್ ಟಕಾ, ಟಕ್ ಟಕಾ! ಕಲೆಕ್ಟರ್ ಬಂದು ಗುಣಿಯ ಅಂಚಿಗೆ ತಲೆ ಇಟ್ಟು ಮಲಗಿಬಿಟ್ಟಿತು.

‘ಅಬ್ಬಾ!’ ಎಂದು ಉಸಿರು ಬಿಟ್ಟು ಕೈ ನಿಲ್ಲಿಸಿದಳು. ನಾಯಿ ಎದ್ದಿತು. ಮತ್ತೆ ಲಾಳಿ ಎಳೆದಳು. ಮಲಗಿತು. ಅತ್ತ ಹೊಸ ಗುಣಿಯಿಂದ ಸೀದ ವಾಸನೆ ಸಣ್ಣಗೆ ಶುರುವಾಯಿತು. ಹೋಗಿ ಪಾತ್ರೆ ತೆಗೆದರೆ ಮೊರದ್ದು ಹೋಗುತ್ತದೆ, ಕೂತೇ ಇದ್ದರೆ ಪಾತ್ರೆಯದು ಹೋಗುತ್ತದೆ. ಬೆಳ್ಳಿಯಮ್ಮ ಅಳುವ ಹಾಗಾದಳು, ಆದರೂ ನೇಯುತ್ತಲೇ ಇದ್ದಳು. ಹಾಗಿರುವಾಗಲೇ ಬಾಗಿಲಲ್ಲಿ ಎರಡು ನೆರಳು ಬಿದ್ದವು.

ಮಲ್ಲಿಗಾ: ಅಣ್ಣ, ನೀನು ಇಲ್ಲಿ ನಿಂತಿದ್ದೀಯ. ಒಳಗೆ ನೇಯ್ತಿರೋದು ಯಾರು?

ಕಾಳಿಯಪ್ಪನ್: ಏ ಬೆಳ್ಳಿ! ಏನಿದು ಹೊಗೆ?

ಬೆಳ್ಳಿಯಮ್ಮ: ಬಾ ಮಲ್ಲಿಗಾ, ಚೆನ್ನಾಗಿದ್ದೀಯಾ? ಏಳೋಕಾಗಲ್ಲ, ತಪ್ಪು ತಿಳ್ಕೋಬೇಡ. ಎದ್ರೆ ನಾಯಿ ಏಳ್ತದೆ!

ಮಲ್ಲಿಗಾ: ನಾಯಿ ಮಲಗಿಸೋಕೆ ಮಗ್ಗ ಹತ್ತಿದ್ರಾ ಅತ್ತಿಗೆ?

ಬೆಳ್ಳಿಯಮ್ಮ: ಆಮಾ, ನಾಯಿಗೋಸ್ಕರ! ಇವತ್ತೊಂದೇ ದಿನ, ಆಣೆ! ಏನುಂಗ, ನಿಂತ್ಕೊಂಡು ನೋಡ್ತೀರಲ್ಲ, ಪಾತ್ರೆ ತೆಗೀರಿ, ಸೀದು ಹೋಗ್ತದೆ!

ಕಾಳಿಯಪ್ಪನ್ ಟವೆಲ್ಲು ಸುತ್ತಿ ಪಾತ್ರೆ ಮೇಲೆತ್ತಿದ. ಒಳಗಿದ್ದವು ಇದ್ದಿಲಾಗಿದ್ದವು. ಗುಣಿಯ ತಳದಲ್ಲಿ ಕೆಂಡ ಇನ್ನೂ ಕೆಂಪಗೆ ಉರಿಯುತ್ತಿತ್ತು. ಅದನ್ನು ನೋಡಿ ಅವನ ಮುಖ ಒಂದು ಥರ ಆಯಿತು.

ಕಾಳಿಯಪ್ಪನ್: ಇದರೊಳಗೆ ಬೆಂಕಿ ಹಾಕಿದೆಯಾ?

ಬೆಳ್ಳಿಯಮ್ಮ: ಹಾಕಿದೆ! ಮೈಲ್‌ಸಾಮಿಯವರಿಗೆ ಬೇರೆ ಕಡೆ ತೋಡಿ ಕೊಡಿ.

ಮಲ್ಲಿಗಾ: ನಮ್ಮವರಿಗಾ? ನಮ್ಮವರಿಗೆ ಯಾಕೆ ಗುಣಿ? ಅವರಿಗೆ ಹೋದ ತಿಂಗಳು ಮಿಲ್ಲಲ್ಲೇ ಮೇಸ್ತ್ರಿ ಕೆಲಸ ಕೊಟ್ರು. ನಾಳೆ ಬೆಳಿಗ್ಗೆ ಬಂದು ಸಂಜೆಗೆ ಓಡ್ತಾರೆ.

ಬೆಳ್ಳಿಯಮ್ಮನ ಕೈ ಲಾಳಿಯ ಮೇಲೆ ಹಾಗೇ ನಿಂತಿತು. ಮಗ್ಗ ನಿಂತದ್ದು ಅವಳ ಗಮನಕ್ಕೇ ಬರಲಿಲ್ಲ.

ಬೆಳ್ಳಿಯಮ್ಮ: ಮತ್ತೆ ಯಾರಿಗೆ?

ಕಾಳಿಯಪ್ಪನ್ ಸೊಂಟದ ನೂಲು ತೆಗೆದು ಅವಳ ಹತ್ತಿರ ಬಂದ. ಗುಣಿಯೊಳಗೆ ಕೈ ಇಳಿಸಿ ಗಂಟನ್ನು ಅವಳ ಹಿಮ್ಮಡಿಗೆ ಹಿಡಿದು ಮೇಲಕ್ಕೆಳೆದ. ನೂಲಿನ ಇನ್ನೊಂದು ತುದಿ ಸರಿಯಾಗಿ ಅವಳ ಮಂಡಿಯ ಸಂದಿಗೆ ಬಂತು.

ಕಾಳಿಯಪ್ಪನ್: ಮೊನ್ನೆ ಮಧ್ಯಾಹ್ನ ಅರ್ಧ ಅಳೆದಿದ್ದೆ, ನೀನು ಮಗ್ಗುಲಾದೆ. ನೂಲು ಬಿಟ್ಟು ಹಿತ್ತಲಿಗೆ ಓಡಿದೆ. ನೀನು ತಪ್ಪನ್ನ ನಾಯಿ ಮೇಲೆ ಹಾಕಿದೆಯಲ್ಲ, ಸದ್ಯ ಅಂದ್ಕೊಂಡೆ. ಇನ್ನೊಂದು ಮಧ್ಯಾಹ್ನ ಕಾಯಬೇಕಾಯ್ತು.

ಬೆಳ್ಳಿಯಮ್ಮ: ನನಗಾ?

ಕಾಳಿಯಪ್ಪನ್: ಮತ್ತೆ? ಈ ಐಪ್ಪಶಿ ತಿಂಗಳ ಶುರುವಿನಲ್ಲಿ ಒಂದು ಶನಿವಾರ ಪೇಟೆ ಕೆಲಸ ಬೇಗ ಮುಗೀತು. ಪಿಳ್ಳೆಯಾರ್ ಗುಡಿ ಕಟ್ಟೆ ಮೇಲೆ ಕೂತಿದ್ದೆ, ಕಲೆಕ್ಟರ್ ಪಕ್ಕದಲ್ಲೇ ಇತ್ತು. ಇದ್ದಕ್ಕಿದ್ದಂಗೆ ಕಿವಿ ನೆಟ್ಟಗೆ ಮಾಡ್ಕೊಂಡು ಮನೆ ಕಡೆ ಓಡ್ತು. ಅದು ಓಡೋದು ನಮ್ಮ ಮಗ್ಗದ ಸದ್ದಿಗೆ ಮಾತ್ರ. ನಾನು ಇಲ್ಲಿ ಕೂತಿದ್ದೀನಿ, ಅಲ್ಲಿ ನೇಯೋದು ಯಾರು? ಹಿಂದೆನೇ ಬಂದು ಕಿಟಕೀಲಿ ನೋಡಿದೆ. ನೀನು ಕಾಲು ಎಟುಕದೆ ಒದ್ದಾಡ್ತಿದ್ದೆ. ಆದ್ರೂ ನಿನ್ನ ಒಂದು ಗೇಣು ನನ್ನದಕ್ಕಿಂತ ಗಟ್ಟಿ ಅದೆ, ನನ್ನಾಣೆ.

ಬೆಳ್ಳಿಯಮ್ಮ ತನಗಾಗಿ ತೋಡಿದ ಗುಣಿಯಲ್ಲಿ ತಾನೇ ಬೆಂಕಿ ಹಾಕಿ ಕೂತಿದ್ದಳು! ಗಂಡನ ಮುಖ ನೋಡಲಾಗದೆ ಮಲ್ಲಿಗಾ ಕಡೆ ನೋಡಿದಳು. ಅತ್ತೆಯ ಕಟ್ಟು ಮುರಿದವಳನ್ನು ಅತ್ತೆಯ ಮಗಳು ಸುಮ್ಮನೆ ಬಿಡುತ್ತಾಳೆಯೇ?

ಕಾಳಿಯಪ್ಪನ್: ಮಲ್ಲಿಗಾ, ಅಮ್ಮ ಹಾಕಿದ ಕಟ್ಟು. ನೀನು ಸೆರಿ ಅಂದು ನಾಳೆ ಗುಣಿಗೆ ಅರಿಶಿನ ಕುಂಕುಮ ಇಟ್ರೆ ಮಾತ್ರ ಇದು ನಡೀತದೆ. ಏನಂತೀಯ?

ಮಲ್ಲಿಗಾ ಕೈಯಲ್ಲಿದ್ದ ಬಿಸ್ಕತ್ತಿನ ಡಬ್ಬ ಕೆಳಗಿಟ್ಟು, ಬಗ್ಗಿ, ಬೆಳ್ಳಿಯಮ್ಮ ಆಗಷ್ಟೇ ನೇಯ್ದಿದ್ದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಮಲ್ಲಿಗಾ: ಅಣ್ಣ, ನಾನು ಚಿಕ್ಕವಳಿದ್ದಾಗ ನನಗೆ ಕೆಮ್ಮು ಜಾಸ್ತಿ ಇತ್ತು ನೆನಪದೆಯಾ? ಅಪ್ಪ ಕಷಾಯದ ಮೇಲೆ ಕಷಾಯ ಕುಡಿಸ್ತಿದ್ರು.

ಕಾಳಿಯಪ್ಪನ್: ಅದಕ್ಕೂ ಇದಕ್ಕೂ ಏನು?

ಮಲ್ಲಿಗಾ: ನನಗೆ ಯಾವ ಕೆಮ್ಮೂ ಇರಲಿಲ್ಲ. ಅಪ್ಪ ಪೇಟೆಗೆ ಹೋದ ದಿನ ಅಮ್ಮ ನನ್ನನ್ನ ಬಾಗಿಲ ಮುಂದಿನ ತಿಣ್ಣೆ ಮೇಲೆ ಕೂರಿಸಿ, ‘ಅಪ್ಪ ಬಂದ್ರೆ ಜೋರಾಗಿ ಕೆಮ್ಮು’ ಅಂತಿದ್ಳು. ಒಳಗೆ ಏನು ಮಾಡ್ತಿದ್ಳು ಅಂದ್ಕೊಂಡಿದ್ದೀಯ? ನೇಯ್ತಿದ್ಳು! ಆ ಕಹಿ ಕಷಾಯ ಇನ್ನೂ ನಾಲಿಗೆ ಮೇಲದೆ. ಅತ್ತಿಗೆ ಧಾರಾಳವಾಗಿ ಕೂರಲಿ, ಇನ್ನು ಯಾವ ಹೆಣ್ಣುಮಗುವೂ ಕೆಮ್ಮೋದು ಬೇಡ.

ಬೆಳ್ಳಿಯಮ್ಮನಿಗೆ ಸತ್ತ ಅತ್ತೆಯ ಮೇಲೆ ಮೊದಲ ಬಾರಿಗೆ ಪ್ರೀತಿ ಉಕ್ಕಿ ಬಂತು.

ಬೆಳ್ಳಿಯಮ್ಮ: ಆದ್ರೆ ಗುಣಿ ಸುಟ್ಟುಹೋಯ್ತಲ್ಲ! ನನ್ನ ಕೈಯಾರೆ ಹಾಳು ಮಾಡಿದ್ನಲ್ಲ!

ಕಾಳಿಯಪ್ಪನ್: (ಗುಣಿಯ ಗೋಡೆ ತಟ್ಟಿ ನೋಡಿ) ಹಾಳಾ? ಮಡಕೆ ಥರ ಬೆಂದದೆ. ಇನ್ನು ಗೆದ್ದಲಿಲ್ಲ, ನೆಲದ ತೇವ ಇಲ್ಲ. ನನ್ನ ಗುಣೀಲೂ ಒಂದು ಸುತ್ತು ಬಿಸ್ಕತ್ತು ಸುಟ್ಟುಬಿಡು.

ಮಲ್ಲಿಗಾ: ಬಿಸ್ಕತ್ತು ಅಂದ್ರೆ ನೆನಪಾಯ್ತು. ಎಲ್ಲಿ ಅತ್ತಿಗೆ, ನೀವು ಸುಟ್ಟಿದ್ದು?

ಮೂವರೂ ಒಟ್ಟಿಗೆ ತಿರುಗಿದರು. ಮಗ್ಗ ನಿಂತು ಬಹಳ ಹೊತ್ತಾಗಿತ್ತು. ಮೊರ ತೊಳೆದಿಟ್ಟ ಹಾಗಿತ್ತು. ಕಲೆಕ್ಟರ್ ಮೂಗಿನ ತುದಿಯ ಪುಡಿಯನ್ನು ನಾಲಿಗೆಯಲ್ಲಿ ಹುಡುಕುತ್ತಿತ್ತು.

ಮಲ್ಲಿಗಾ: ಅಯ್ಯೋ ಪಾಪ! ಹೋಗಲಿ ಬಿಡಿ ಅತ್ತಿಗೆ. ಹೆಂಗೂ ನನ್ನ ಡಬ್ಬ ಹೊಸಿಲು ದಾಟಿ ಬಂದಾಯ್ತು. ತಗೊಳ್ಳಿ, ಎಲ್ಲರೂ ತಿನ್ನೋಣ. ಇದೂ ತಿನ್ನಲಿ.

ಅವಳು ಡಬ್ಬ ತೆಗೆದು ಕೋಯಮತ್ತೂರು ಬಿಸ್ಕತ್ತೊಂದನ್ನು ನಾಯಿಯ ಮುಂದೆ ಹಾಕಿದಳು. ಕಲೆಕ್ಟರ್ ಮೂಸಿ ನೋಡಿತು. ಮುಖ ತಿರುಗಿಸಿತು. ತುಂಬಿದ ಹೊಟ್ಟೆಯನ್ನು ಎಳೆದುಕೊಂಡು ಹೋಗಿ ಬಾಗಿಲ ಬಳಿ ಬಿದ್ದುಕೊಂಡಿತು.

ಬೆಳ್ಳಿಯಮ್ಮ: ನೋಡಿದೆಯಾ ಮಲ್ಲಿಗಾ? ನಂದು ಮೊರ ಪೂರ್ತಿ, ನಿಂದು ಒಂದೂ ಬೇಡ! ಇಡೀ ಬೀದಿಯ ಮನೆ ಮನೆ ತಿಂದು ನೋಡಿದ ಬಾಯಿ ಅದು.

ಮಲ್ಲಿಗಾ: ಅದಕ್ಕೆ ಹೊಟ್ಟೇಲಿ ಜಾಗ ಇಲ್ಲ ಅತ್ತಿಗೆ!

ಬೆಳ್ಳಿಯಮ್ಮ: ರಾಮಾಯಿಯಕ್ಕನ ಒಂದು ಸೀರೆ ಗಂಜಿ ಕುಡಿದ ಮೇಲೂ ಅದಕ್ಕೆ ಜಾಗ ಇತ್ತು. ಹಿಟ್ಟು ಇನ್ನೂ ಉಳಿದದೆ, ಕೆಂಡನೂ ಅದೆ. ಕೂತ್ಕೋ, ಬಿಸಿ ಬಿಸಿ ಕೊಡ್ತೀನಿ, ಆಮೇಲೆ ಮಾತಾಡು.

ಕಾಳಿಯಪ್ಪನ್ ಮಾತ್ರ ಎರಡು ಗುಣಿಗಳ ನಡುವೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಏನೋ ಒಂದು ಈಗಷ್ಟೇ ಹೊಳೆದಿತ್ತು ಅವನಿಗೆ.

ಕಾಳಿಯಪ್ಪನ್: ಎಲ್ಲಾ ಸೆರಿ. ಇಬ್ಬರೂ ನೇಯೋಕೆ ಕೂತ್ರೆ ಇನ್ನು ಕಂಡಿಕೆ ಸುತ್ತೋರು ಯಾರು?

ಬೆಳ್ಳಿಯಮ್ಮ: ಮಲಗಿದ್ದೋರ ಕಾಲಿಗೆ ಎಚ್ಚರ ಆಗದಂಗೆ ನೂಲು ಸುತ್ತೋ ಕೈ ಒಂದು ಈ ಮನೇಲಿ ಅದೆಯಲ್ಲ. ಅದಕ್ಕಿಂತ ನಯವಾದ ಕೈ ಧಾರಾಪುರದಲ್ಲೇ ಸಿಗಲ್ಲ. ನಾಳೆಯಿಂದ ನೀವೇ ಸುತ್ತಿ!